ನೀರಿಗೆ ತಕ್ಕ ಕೊಳವೆ

ಬಿತ್ತನೆ ಬೀಜ ಕೊಳ್ಳುವಾಗ ರೈತ ಬಾಂಧವರು ತಳಿಯ ಹೆಸರು ಕೇಳುತ್ತಾರೆ. ಗೊಬ್ಬರ ಕೊಳ್ಳುವಾಗ ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಂದು ಓದುತ್ತಾರೆ. ಆದರೆ ನೀರಿನ ಕೊಳವೆ ಕೊಳ್ಳುವಾಗ ಮಾತ್ರ "ಎರಡೂವರೆ ಇಂಚಿನದು ಇಪ್ಪತ್ತೈದು ಲೆಂತ್ ಕೊಡಿ" ಎಂದಷ್ಟೇ ಹೇಳಿ, ಅಂಗಡಿಯವರು ಕೊಟ್ಟದ್ದನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಬರುವುದು ವಾಡಿಕೆ. ಕೊಳವೆ ಬಾವಿ ಕೊರೆಸಿ, ಪಂಪು ಇಳಿಸಿ, ವಿದ್ಯುತ್ ಸಂಪರ್ಕ ಪಡೆಯುವ ಹೊತ್ತಿಗೆ ಕೈಯಲ್ಲಿದ್ದ ಹಣ ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಉಳಿತಾಯವೆಲ್ಲ ಕೊಳವೆಯ ಮೇಲೆ ಬೀಳುತ್ತದೆ. ಹೀಗೆ ಉಳಿಸಿದ ಹಣ ಮುಂದೆ ಒಡೆದ ಕೀಲು, ಸುಟ್ಟ ಮೋಟಾರು, ಒಣಗಿದ ಬೆಳೆಯ ರೂಪದಲ್ಲಿ ಹೊರಟು ಹೋಗುವುದನ್ನು ನಾವು ಅನೇಕ ತೋಟಗಳಲ್ಲಿ ಕಾಣುತ್ತೇವೆ.

ಯಾವ ಕೊಳವೆ ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ನೀರಿಗೆ, ಎಷ್ಟು ಒತ್ತಡಕ್ಕೆ, ಬಿಸಿಲಿನಲ್ಲೋ ಮಣ್ಣಿನೊಳಗೋ, ತಣ್ಣೀರಿಗೋ ಬಿಸಿನೀರಿಗೋ ಎಂಬುದನ್ನು ಹೇಳಿದ ಮೇಲೆಯೇ ಕೊಳವೆಯನ್ನು ಹೇಳಲು ಸಾಧ್ಯ. ಇದನ್ನು ತಿಳಿಯಲು ಪಟ್ಟಣದ ಒಂದು ಮನೆಯನ್ನು ನೋಡುವುದು ಉಪಯುಕ್ತ. ಏಕೆಂದರೆ ಅಂತಹ ಒಂದೇ ಮನೆಯಲ್ಲಿ ಏಳೆಂಟು ಬಗೆಯ ಕೊಳವೆಗಳು ತಮ್ಮ ತಮ್ಮ ಜಾಗದಲ್ಲಿ ಇರುತ್ತವೆ. ಹಳ್ಳಿಯಲ್ಲಿ ಹೊಸ ಮನೆ ಕಟ್ಟುವವರು ಆ ಕೊಳವೆಗಳನ್ನು ತರುತ್ತಾರೆ, ಅವು ಅಲ್ಲಿ ಏಕೆ ಇದ್ದವು ಎಂಬ ಕಾರಣವನ್ನು ತರುವುದಿಲ್ಲ.

ಬಿ.ಟಿ.ಎಂ. ಲೇಔಟ್‌ನ ಒಂದು ಮನೆ

ಬೆಂಗಳೂರಿನ ದಕ್ಷಿಣದಲ್ಲಿರುವ ಬಿ.ಟಿ.ಎಂ. ಲೇಔಟ್‌ನ ಹೆಸರು ಇಂಗ್ಲಿಷಿನಂತೆ ಕಂಡರೂ ಅದರಲ್ಲಿರುವುದು ಮೂರು ಹಳ್ಳಿಗಳು: ಬೈರಸಂದ್ರ, ತಾವರೆಕೆರೆ, ಮಡಿವಾಳ. ಮಡಿವಾಳದ ಕೆರೆ ಇಂದಿಗೂ ಇದೆ. ಆದರೆ ಈಗ ಅಲ್ಲಿನ ನಲ್ಲಿಗಳಿಗೆ ಬರುವುದು ಕಾವೇರಿಯ ನೀರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಮೂರು ಹಂತಗಳಲ್ಲಿ ಪಂಪು ಮಾಡಿ ಈ ನೀರನ್ನು ಬೆಂಗಳೂರಿಗೆ ಏರಿಸಲಾಗುತ್ತದೆ. ಕಾವೇರಿಯ ಮೊದಲನೆಯ ಹಂತದ ನೀರು 1974ರಲ್ಲಿ ನಗರಕ್ಕೆ ಬಂದಿತು. ಐದನೆಯ ಹಂತ 2024ರ ಅಕ್ಟೋಬರ್ ತಿಂಗಳಲ್ಲಿ ಉದ್ಘಾಟನೆಯಾಯಿತು.

ಇಲ್ಲಿ 1990ರ ಸುಮಾರಿನಲ್ಲಿ ಕಟ್ಟಿದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯ ಮುಂದೆ ನೆಲದೊಳಗೆ ಸಂಪು ಇದೆ. ಅದಕ್ಕೆ ಬೀಳುವ ನೀರು ಮೂರು ಬಗೆಯದು: ಸರದಿಯ ಮೇಲೆ ಬರುವ ಕಾವೇರಿ, ಹಿತ್ತಲಿನ ಕೊಳವೆ ಬಾವಿ, ಎರಡೂ ಸಾಲದ ದಿನ ಟ್ಯಾಂಕರು. ಸಂಪಿನಿಂದ ಮೋಟಾರಿನ ಮೂಲಕ ನೀರು ತಾರಸಿಯ ಮೇಲಿನ ಪ್ಲಾಸ್ಟಿಕ್ ತೊಟ್ಟಿಗೆ ಏರುತ್ತದೆ. ಅಲ್ಲಿಂದ ಅಡಿಗೆ ಮನೆ, ಬಚ್ಚಲು, ಸೌರಶಕ್ತಿಯ ನೀರು ಕಾಯಿಸುವ ಯಂತ್ರಗಳಿಗೆ ಇಳಿಯುತ್ತದೆ. ನಿಮ್ಮ ತೋಟದ ಮನೆಯ ವ್ಯವಸ್ಥೆಯೂ ಹೆಚ್ಚು ಕಡಿಮೆ ಇದೇ ತಾನೆ? ಸಂಪಿನ ಬದಲು ಕೃಷಿ ಹೊಂಡವೋ ಬಾವಿಯೋ ಇರಬಹುದು, ಅಷ್ಟೆ.

ಬೀದಿಯಿಂದಲೇ ಆರಂಭಿಸೋಣ. ನಗರದ ದೊಡ್ಡ ಕೊಳವೆಗಳು ಉಕ್ಕು ಅಥವಾ ಬೀಡು ಕಬ್ಬಿಣದವು. ಹಳೆಯ ಬೀಡು ಕಬ್ಬಿಣ ಗಟ್ಟಿ, ಆದರೆ ಪೆಟ್ಟಿಗೆ ಸೀಳುತ್ತದೆ. ಈಗ ಅದರ ಜಾಗಕ್ಕೆ ಡಕ್ಟೈಲ್ ಎಂಬ ಸುಧಾರಿತ ಬೀಡು ಕಬ್ಬಿಣ ಬಂದಿದೆ. ಅದು ಭಾರದ ಕೆಳಗೆ ತುಸು ಬಾಗುತ್ತದೆಯೇ ಹೊರತು ಸುಲಭವಾಗಿ ಸೀಳುವುದಿಲ್ಲ. ತುಕ್ಕು ಹಿಡಿಯದಂತೆ ಒಳಗೆ ಸಿಮೆಂಟು ಗಾರೆಯ ಲೇಪ ಇರುತ್ತದೆ. ರೈತರು ಇದನ್ನು ಕೊಳ್ಳುವ ಪ್ರಸಂಗ ಬರುವುದಿಲ್ಲವಾದ್ದರಿಂದ ಮುಂದೆ ಹೋಗೋಣ.

ಬೀದಿಯ ಕೊಳವೆಯಿಂದ ಮನೆಗೆ ಬರುವ ಸಣ್ಣ ಕೊಳವೆಯನ್ನು ಮಾತ್ರ ಗಮನವಿಟ್ಟು ನೋಡತಕ್ಕದ್ದು. ಅನೇಕ ಕಡೆ ಇದು ಚರಂಡಿಯನ್ನು ದಾಟಿ, ಕೆಲವೆಡೆ ಚರಂಡಿಯಲ್ಲಿಯೇ ಮಲಗಿ ಬರುತ್ತದೆ. ನೀರು ಹರಿಯುತ್ತಿರುವಾಗ ಕೊಳವೆಯ ಒಳಗಿನ ಒತ್ತಡ ಹೆಚ್ಚಿರುವುದರಿಂದ ಸಣ್ಣ ತೂತಿದ್ದರೂ ನೀರು ಹೊರಗೆ ಸೋರುತ್ತದೆ. ನೀರು ನಿಂತೊಡನೆ ತಗ್ಗಿನ ಮನೆಗಳ ಕಡೆಗೆ ಉಳಿದ ನೀರು ಇಳಿದು ಹೋಗಿ ಕೊಳವೆಯೊಳಗೆ ಸೆಳೆತ ಉಂಟಾಗುತ್ತದೆ. ಆಗ ಅದೇ ತೂತಿನಿಂದ ಚರಂಡಿಯ ನೀರು ಒಳಗೆ ಬರುತ್ತದೆ. ಮರುದಿನ ನಲ್ಲಿಯಲ್ಲಿ ಮೊದಲು ಬರುವ ನೀರು ಅದೇ. ನಗರದಲ್ಲಿ ಆಗುವ ಈ ಅನಾಹುತ ಹಳ್ಳಿಯಲ್ಲಿ ಇನ್ನೂ ಸುಲಭವಾಗಿ ಆಗುತ್ತದೆ. ಪಂಚಾಯಿತಿಯ ನೀರು ದಿನಕ್ಕೆ ಒಂದೆರಡು ಗಂಟೆ ಬರುವ ಊರಿನಲ್ಲಿ ಮನೆಯ ಸಂಪರ್ಕದ ಕೊಳವೆ ತಿಪ್ಪೆಗುಂಡಿಯ ಪಕ್ಕದಲ್ಲಿಯೋ ಕೊಟ್ಟಿಗೆಯ ಮೋರಿಯ ಒಳಗೋ ಇದ್ದರೆ ಮಕ್ಕಳ ಬೇಧಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಈ ಒಂದು ಜಾಗದಲ್ಲಿ ಕೀಲಿಲ್ಲದ ಉದ್ದನೆಯ ಪಾಲಿಎಥಿಲೀನ್ ಕೊಳವೆ, ಅಂದರೆ ಕಪ್ಪು ಬಣ್ಣದ ಮೇಲೆ ನೀಲಿ ಗೆರೆಯಿರುವ ಎಚ್.ಡಿ.ಪಿ.ಇ., ಕಬ್ಬಿಣಕ್ಕಿಂತ ಉತ್ತಮ. ಮೋರಿ ದಾಟುವ ಕಡೆ ಅದನ್ನು ಇನ್ನೊಂದು ದಪ್ಪ ಕೊಳವೆಯೊಳಗೆ ತೂರಿಸಿ ಮೋರಿಗಿಂತ ಎತ್ತರದಲ್ಲಿ ದಾಟಿಸಬೇಕು.

ಸತು ಲೇಪಿಸಿದ ಕಬ್ಬಿಣ

ಊಹಿಸಿಕೊಂಡ ಮನೆಯ ಗೋಡೆಯೊಳಗೆ ಇದ್ದದ್ದು ಜಿ.ಐ. ಕೊಳವೆ, ಅಂದರೆ ಸತು ಲೇಪಿಸಿದ ಕಬ್ಬಿಣ. ಮೂವತ್ತು ವರ್ಷದ ಮೇಲೆ ಇಂತಹ ಮನೆಗಳಲ್ಲಿ ನಲ್ಲಿಯ ನೀರು ದಾರದಂತೆ ಸಣ್ಣಗಾಗುತ್ತದೆ, ಗೋಡೆಯ ಮೇಲೆ ಒದ್ದೆಯ ಕಲೆ ಕಾಣುತ್ತದೆ. ಗೋಡೆ ಒಡೆಸಿ ಕೊಳವೆ ಕೊಯ್ದು ನೋಡಿದರೆ ಅರ್ಧ ಇಂಚಿನ ತೂತಿನಲ್ಲಿ ಪೆನ್ಸಿಲು ತೂರುವಷ್ಟು ಜಾಗವೂ ಉಳಿದಿರುವುದಿಲ್ಲ. ಒಳಗೆಲ್ಲ ಬಿಳಿ ಸುಣ್ಣದ ಗಂಟು, ಕೆಂಪು ತುಕ್ಕಿನ ಗುಬ್ಬಿ. ಸುಣ್ಣ ಕೊಳವೆ ಬಾವಿಯ ಗಡಸು ನೀರಿನದು. ತುಕ್ಕು ಸತು ಸವೆದು ಹೋದ ಮೇಲಿನದು.

ಸತುವಿನ ಲೇಪ ಬರೀ ಬಣ್ಣದಂತಹ ಹೊದಿಕೆಯಲ್ಲ. ಅದು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಇದರ ಹಿಂದಿನ ತತ್ವ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ತಿಳಿದದ್ದೇ. ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎನ್ನುತ್ತೇವೆ. ದ್ರಾವಣ ಸಿದ್ಧವಾದ ಮೇಲೆ ಉಜ್ಜಿದ ಕುಡುಗೋಲನ್ನು ಅದರಲ್ಲಿ ಅದ್ದಿ, ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ಇನ್ನಷ್ಟು ಸೇರಿಸುತ್ತೇವೆ. ಆ ಕೆಂಪು ಬಣ್ಣ ತಾಮ್ರ. ನೀರಿನಲ್ಲಿದ್ದ ತಾಮ್ರ ಅಲಗಿನ ಮೇಲೆ ಕೂತಿತು, ಅದರ ಬದಲು ಕಬ್ಬಿಣ ನೀರಿಗೆ ಕರಗಿತು. ಲೋಹಗಳಲ್ಲಿ ಹೀಗೆ ಮೇಲು ಕೀಳೆಂಬ ಒಂದು ಸಾಲಿದೆ. ಸತು ಕಬ್ಬಿಣಕ್ಕಿಂತ ಬೇಗ ಕರಗುವ ಲೋಹ, ಕಬ್ಬಿಣ ತಾಮ್ರಕ್ಕಿಂತ ಬೇಗ ಕರಗುವ ಲೋಹ. ಎರಡು ಲೋಹ ಒದ್ದೆಯಲ್ಲಿ ಕೂಡಿದರೆ ಬೇಗ ಕರಗುವುದು ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ.

ಇದರಿಂದ ತೋಟದ ಮನೆಗೆ ಉಪಯೋಗವಾಗುವ ಕೆಲವು ಸಂಗತಿಗಳು ಹೊರಡುತ್ತವೆ. ತಾಮ್ರದ ಹಂಡೆಯಿಂದ ಅಥವಾ ತಾಮ್ರದ ಸುರುಳಿಯಿರುವ ಸೌರ ಯಂತ್ರದಿಂದ ಹೊರಟ ನೀರನ್ನು ಮುಂದೆ ಜಿ.ಐ. ಕೊಳವೆಯಲ್ಲಿ ಹರಿಸಬಾರದು. ಆ ನೀರಿನಲ್ಲಿ ಬರುವ ಅತ್ಯಲ್ಪ ತಾಮ್ರ ಸತುವಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂತು ಅಲ್ಲಲ್ಲಿ ಸೂಜಿ ತೂತು ಮಾಡುತ್ತದೆ. ಜಿ.ಐ. ಮೊದಲು, ತಾಮ್ರ ಆಮೇಲೆ ಬಂದರೆ ಅಷ್ಟು ತೊಂದರೆಯಿಲ್ಲ. ಇನ್ನೊಂದು ವಿಚಿತ್ರವೆಂದರೆ ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕೆಲವು ನೀರುಗಳಲ್ಲಿ ಸತು ಕಬ್ಬಿಣವನ್ನು ಕಾಯುವುದನ್ನು ಬಿಟ್ಟು ಅದನ್ನೇ ಸವೆಸಲು ಆರಂಭಿಸುತ್ತದೆ. ಹಳೆಯ ಮನೆಗಳಲ್ಲಿ ಬಿಸಿನೀರಿನ ಜಿ.ಐ. ಕೊಳವೆ ತಣ್ಣೀರಿನದಕ್ಕಿಂತ ಮೊದಲು ಕೆಡಲು ಇದೂ ಒಂದು ಕಾರಣ.

ನೀರಿನ ಗುಣವೂ ಊರಿಂದ ಊರಿಗೆ ಬೇರೆ. ಬಯಲು ಸೀಮೆಯ ಆಳದ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಬಾವಿಗಳ ನೀರು ಮೆದು, ಆದರೆ ಅನೇಕ ವೇಳೆ ಹುಳಿ. ಅದು ಸುಣ್ಣ ಕಟ್ಟುವುದಿಲ್ಲ, ಸತುವನ್ನೇ ತಿನ್ನುತ್ತದೆ. ಎರಡೂ ಕಡೆ ಜಿ.ಐ. ಕೆಡುತ್ತದೆ, ಕಾರಣ ಮಾತ್ರ ಬೇರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಗಡಸುತನದ ಮಿತಿಯನ್ನು ಲೀಟರಿಗೆ 200 ಮಿಲಿಗ್ರಾಂ ಎಂದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಎಂದು ಇಟ್ಟಿದೆ. ರಸಸಾರ 6.5ರಿಂದ 8.5ರ ಒಳಗಿರಬೇಕು. ಕೊಳವೆ ಕೊಳ್ಳುವ ಮೊದಲು ಪಂಪನ್ನು ಹತ್ತು ನಿಮಿಷ ನಡೆಸಿ, ಶುಭ್ರವಾದ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಒಂದು ಲೀಟರು ನೀರು ತುಂಬಿ ಪರೀಕ್ಷೆಗೆ ಕೊಡುವುದು ಒಳ್ಳೆಯದು. ಈ ಪರೀಕ್ಷೆಗೆ ಆಗುವ ಖರ್ಚು ಒಂದು ಲೆಂತ್ ಕೊಳವೆಯ ಬೆಲೆಯ ಮುಂದೆ ದೊಡ್ಡದಲ್ಲ.

ಹಾಗಾದರೆ ಜಿ.ಐ. ಬೇಡವೇ? ಬೇಕು. ಪೆಟ್ಟು ಬೀಳುವ, ದನ ಉಜ್ಜುವ, ಬಿಸಿಲಿಗೆ ತೆರೆದ ಜಾಗದಲ್ಲಿ, ಪಂಪಿನ ಹತ್ತಿರ ಅದುರುವ ಭಾಗದಲ್ಲಿ ಕಬ್ಬಿಣದಷ್ಟು ತಾಳಿಕೆ ಪ್ಲಾಸ್ಟಿಕ್ಕಿಗಿಲ್ಲ. ಕೊಳ್ಳುವಾಗ ಬಣ್ಣದ ಪಟ್ಟಿ ನೋಡಿ: ಹಳದಿ ಪಟ್ಟಿ ತೆಳುವಿನದು, ನೀಲಿ ಮಧ್ಯಮ, ಕೆಂಪು ದಪ್ಪ. ನೀರಿಗೆ ನೀಲಿಗಿಂತ ಕಡಿಮೆಯದು ಬೇಡ. ತಿರುಪು ಕೊಯ್ದ ತುದಿಯಲ್ಲಿ ಸತು ಹೋಗಿರುತ್ತದೆ, ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಆದ್ದರಿಂದ ಕೀಲನ್ನು ಬಿಗಿ ಮಾಡಿದ ಮೇಲೆ ಹೊರಗೆ ಕಾಣುವ ತಿರುಪಿಗೆ ಬಣ್ಣ ಬಳಿಯಬೇಕು. ಹಳೆಯ ಕೆಲಸಗಾರರು ಕೀಲಿಗೆ ಕೆಂಪು ಸೀಸದ ಬಣ್ಣ ಮತ್ತು ಸೆಣಬು ಸುತ್ತುತ್ತಿದ್ದರು. ಕುಡಿಯುವ ನೀರಿನ ಕೀಲಿಗೆ ಅದು ಸಲ್ಲದು; ಬಿಳಿಯ ಟೆಫ್ಲಾನ್ ಪಟ್ಟಿ ಸಾಕು.

ಪಟ್ಟಣದ ಮನೆಗಳಿಂದ ಕಿತ್ತ ಹಳೆಯ ಜಿ.ಐ. ಕೊಳವೆ ಗುಜರಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಚಪ್ಪರಕ್ಕೆ, ಬಳ್ಳಿಯ ಆಸರೆಗೆ ಅದನ್ನು ತರಬಹುದು. ನೀರಿಗೆ ತರಬೇಡಿ. ಹನಿ ನೀರಾವರಿ ಇರುವವರು ಇನ್ನೊಂದನ್ನು ನೆನಪಿಡಬೇಕು. ಸುಣ್ಣ ಕಟ್ಟಿದ ಹನಿ ಕೊಳವೆಗಳಿಗೆ ಆಮ್ಲ ಬಿಟ್ಟು ತೊಳೆಯುವ ಪದ್ಧತಿ ಇದೆಯಷ್ಟೆ. ಆ ಆಮ್ಲ ಹೋಗುವ ದಾರಿಯಲ್ಲಿ ಜಿ.ಐ. ತುಂಡೊಂದಿದ್ದರೆ ಸತುವನ್ನು ಮೊದಲು ಅದು ತಿನ್ನುತ್ತದೆ. ರಸಗೊಬ್ಬರ ಕರಗಿಸಿ ಬಿಡುವ ಭಾಗವೂ ಪ್ಲಾಸ್ಟಿಕ್ಕಿನದೇ ಆಗಿರಲಿ.

ಪಿ.ವಿ.ಸಿ. ಮತ್ತು ಅದರ ಮೇಲಿನ ಅಕ್ಷರ

ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಬೂದು ಬಣ್ಣದ ಪಿ.ವಿ.ಸಿ. ಕೊಳವೆಗೆ ತುಕ್ಕಿಲ್ಲ, ಹುಳಿ ನೀರಿನ ಭಯವಿಲ್ಲ, ಒಳಗೆ ನುಣುಪು. ಅದರ ಶತ್ರುಗಳು ಬಿಸಿ, ಬಿಸಿಲು ಮತ್ತು ಏಕಾಏಕಿ ಬೀಳುವ ಒತ್ತಡ.

ನೀರಿನ ಕೊಳವೆಯಾದರೆ ಅದರ ಮೇಲೆ ಐ.ಎಸ್. 4985 ಎಂಬ ಸಂಖ್ಯೆ, ಮಾನಕ ಸಂಸ್ಥೆಯ ಗುರುತು, ಹೊರಗಿನ ಅಗಲ, ದರ್ಜೆ ಅಥವಾ ಒತ್ತಡದ ಅಂಕಿ ಮುದ್ರಿಸಿರುತ್ತದೆ. ಅಂಗಡಿಯಲ್ಲಿ "ನಾಲ್ಕು ಕೆ.ಜಿ. ಪೈಪು, ಆರು ಕೆ.ಜಿ. ಪೈಪು" ಎನ್ನುವುದು ಕೊಳವೆಯ ತೂಕವನ್ನಲ್ಲ, ಅದು ತಾಳುವ ಒತ್ತಡವನ್ನು: ಒಂದು ಚದರ ಸೆಂಟಿಮೀಟರಿಗೆ ಅಷ್ಟು ಕಿಲೋಗ್ರಾಂ. ಮೊದಲ ದರ್ಜೆ 2.5 ಕೆ.ಜಿ., ಎರಡನೆಯದು 4, ಮೂರನೆಯದು 6, ನಾಲ್ಕನೆಯದು 8, ಐದನೆಯದು 10. ಹತ್ತು ಮೀಟರು ಎತ್ತರದ ನೀರಿನ ಕಂಬ ಒಂದು ಕೆ.ಜಿ. ಒತ್ತಡ ಕೊಡುತ್ತದೆ ಎಂದು ನೆನಪಿಟ್ಟರೆ ಲೆಕ್ಕ ಸುಲಭ. ಬಿ.ಟಿ.ಎಂ. ಲೇಔಟ್‌ನ ಎರಡಂತಸ್ತಿನ ಮನೆಯ ತಾರಸಿಯಿಂದ ನೆಲಮಟ್ಟದ ನಲ್ಲಿಗೆ ಬರುವ ಒತ್ತಡ ಒಂದು ಕೆ.ಜಿ.ಯ ಆಸುಪಾಸು. ಅದೇ ನಿಮ್ಮ ತೋಟದಲ್ಲಿ ಪಂಪಿನಿಂದ 35 ಮೀಟರು ಎತ್ತರದ ದಿಣ್ಣೆಯ ತೊಟ್ಟಿಗೆ ನೀರು ಏರಿಸುವುದಾದರೆ ಎತ್ತರವೇ ಮೂರೂವರೆ ಕೆ.ಜಿ. ಆಯಿತು, ಇದಕ್ಕೆ ಘರ್ಷಣೆಯ ನಷ್ಟ ಸೇರಿದರೆ ನಾಲ್ಕು ಕೆ.ಜಿ.ಯ ಕೊಳವೆ ಮಿತಿ ಮೀರುತ್ತದೆ. ಇಲ್ಲಿ ಆರು ಕೆ.ಜಿ.ಯದು ಬೇಕು, ದಿಣ್ಣೆಯ ಬುಡದ ಭಾಗಕ್ಕಾದರೂ ಬೇಕೇ ಬೇಕು.

ಇದಲ್ಲದೆ ವಿದ್ಯುತ್ತಿನ ತೊಂದರೆಯಿದೆ. ಪಂಪು ನಡೆಯುತ್ತಿರುವಾಗ ಕರೆಂಟು ಹೋದರೆ ಏರುತ್ತಿದ್ದ ನೀರು ಹಿಂದಕ್ಕೆ ಧಾವಿಸಿ ಕವಾಟಕ್ಕೆ ಬಡಿಯುತ್ತದೆ. ಆ ಕ್ಷಣದ ಒತ್ತಡ ನಿತ್ಯದ ಒತ್ತಡಕ್ಕಿಂತ ಬಹಳ ಹೆಚ್ಚು. ಸ್ವಯಂಚಾಲಿತ ಸ್ಟಾರ್ಟರ್ ಹಾಕಿಕೊಂಡವರ ತೋಟದಲ್ಲಿ ಇದು ರಾತ್ರಿ ಯಾರಿಗೂ ತಿಳಿಯದಂತೆ ನಡೆಯುತ್ತಿರುತ್ತದೆ. ಪದೇ ಪದೇ ಅದೇ ತಿರುವಿನ ಕೀಲು ಬಿಡುತ್ತಿದ್ದರೆ ಅಂಟನ್ನು ದೂರುವ ಮೊದಲು ಹಿಂದಿರುಗುವ ನೀರನ್ನು ತಡೆಯುವ ಕವಾಟ ಮತ್ತು ದಿಣ್ಣೆಯ ನೆತ್ತಿಯಲ್ಲಿ ಗಾಳಿ ಹೊರಡುವ ಕವಾಟ ಸರಿಯಾಗಿವೆಯೇ ಎಂದು ನೋಡಿ. ತಿರುವಿನ ಹಿಂದೆ ಸಣ್ಣ ಕಾಂಕ್ರೀಟಿನ ಒತ್ತು ಕೊಟ್ಟರೆ ಕೀಲು ಜಾರುವುದಿಲ್ಲ.

ಮೇಲೆ ಹೇಳಿದ ಒತ್ತಡದ ಅಂಕಿಗಳೆಲ್ಲ 27 ಡಿಗ್ರಿ ಉಷ್ಣಾಂಶಕ್ಕೆ ಕೊಟ್ಟವು. ಉಷ್ಣ ಏರಿದಂತೆ ಕೊಳವೆಯ ಶಕ್ತಿ ಇಳಿಯುತ್ತದೆ. 45 ಡಿಗ್ರಿಯ ಮೇಲೆ ಒತ್ತಡದ ನೀರಿಗೆ ಇದನ್ನು ಬಳಸಬಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ಬದುವಿನ ಮೇಲೆ ಹಾಸಿದ, ನೀರು ನಿಂತ ಕೊಳವೆಯನ್ನು ಮುಟ್ಟಿ ನೋಡಿದರೆ ಸಾಕು, ಹೆಚ್ಚು ಹೇಳಬೇಕಾಗಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣ ಮಾಸಿ, ಕೊಳವೆ ಮೊಟ್ಟೆಯ ಓಡಿನಂತೆ ಒಡೆಯುವ ಸ್ಥಿತಿಗೆ ಬರುತ್ತದೆ. ಹೂಳಲು ಸಾಧ್ಯವಿಲ್ಲದ ಭಾಗಕ್ಕೆ ಬಿಳಿ ಬಣ್ಣ ಬಳಿದು ಕಾಪಾಡಬಹುದು.

ಅಗಲದ ವಿಷಯದಲ್ಲಿ ಉಳಿತಾಯ ಮಾಡುವವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. ಸೆಕೆಂಡಿಗೆ 4 ಲೀಟರು, ಅಂದರೆ ಗಂಟೆಗೆ ಸುಮಾರು 3,170 ಗ್ಯಾಲನ್ ನೀರನ್ನು 500 ಮೀಟರು ದೂರ ಸಾಗಿಸಬೇಕೆನ್ನಿ. ರೂಢಿಯಲ್ಲಿ ಎರಡು ಇಂಚು ಎನ್ನುವ 63 ಮಿಲಿಮೀಟರಿನ ಪಿ.ವಿ.ಸಿ. ಹಾಕಿದರೆ ಘರ್ಷಣೆಯೊಂದಕ್ಕೇ ಸುಮಾರು 16 ಮೀಟರು ಎತ್ತರದಷ್ಟು ಶಕ್ತಿ ಹೋಗುತ್ತದೆ. ಎರಡೂವರೆ ಇಂಚು ಎನ್ನುವ 75 ಮಿಲಿಮೀಟರಿನದಾದರೆ ನಷ್ಟ 7 ಮೀಟರು ಮಾತ್ರ. ಒಂಬತ್ತು ಮೀಟರಿನ ಈ ವ್ಯತ್ಯಾಸ, ಪಂಪು ಮೋಟಾರಿನ ಒಟ್ಟು ದಕ್ಷತೆ ನೂರಕ್ಕೆ 40 ಎಂದು ಹಿಡಿದರೆ, ಒಂದು ಅಶ್ವಶಕ್ತಿಗಿಂತ ಹೆಚ್ಚು. ಪಂಪು ನಡೆಯುವಷ್ಟು ವರ್ಷವೂ ಈ ನಷ್ಟ ಇದ್ದದ್ದೇ. ಕರೆಂಟಿಗೆ ಹಣ ಕಟ್ಟದವರೂ ನೀರಿನಲ್ಲಿ ಈ ನಷ್ಟವನ್ನು ಅನುಭವಿಸುತ್ತಾರೆ. ಏಕೆಂದರೆ ಮೂರು ಫೇಸ್ ಇರುವ ಗಂಟೆಗಳಲ್ಲಿ ಬರುವ ನೀರೇ ಕಡಿಮೆಯಾಗುತ್ತದೆ.

ಐ.ಎಸ್. ಗುರುತಿಲ್ಲದ ಅಗ್ಗದ ಕೊಳವೆಗಳಲ್ಲಿ ಸೀಮೆಸುಣ್ಣದ ಪುಡಿಯನ್ನು ಹೆಚ್ಚಾಗಿ ಬೆರೆಸಿರುವುದುಂಟು. ಮನೆಯ ವಿದ್ಯುತ್ ತಂತಿ ಎಳೆಯುವ ಕೊಳವೆಯನ್ನೂ ಕೆಲವರು ನೀರಿಗೆ ಹಾಕುತ್ತಾರೆ. ಅದು ಒತ್ತಡಕ್ಕೆಂದು ಮಾಡಿದ್ದೇ ಅಲ್ಲ.

ಕುಡಿಯುವ ನೀರಿಗೆ ಸಂಬಂಧಿಸಿದ ಇನ್ನೊಂದು ವಿಷಯ ಸೀಸ. ಪ್ರಾಚೀನ ರೋಮಿನ ಜನ ನೀರಿಗೆ ಸೀಸದ ಕೊಳವೆ ಬಳಸುತ್ತಿದ್ದರು. ಪ್ಲಂಬಿಂಗ್ ಎಂಬ ಪದವೇ ಸೀಸದ ಲ್ಯಾಟಿನ್ ಹೆಸರಿನಿಂದ ಬಂದದ್ದು. ಅಮೆರಿಕದ ಫ್ಲಿಂಟ್ ಪಟ್ಟಣದಲ್ಲಿ 2014ರಲ್ಲಿ ನೀರಿನ ಮೂಲವನ್ನು ಬದಲಿಸಿ ನದಿಯ ನೀರನ್ನು ತಕ್ಕ ಸಂಸ್ಕರಣೆಯಿಲ್ಲದೆ ಬಿಟ್ಟಾಗ, ಹಳೆಯ ಕೊಳವೆಗಳ ಒಳಗೆ ಕಟ್ಟಿದ್ದ ಪದರ ಕರಗಿ ಸೀಸ ಮನೆಮನೆಯ ನಲ್ಲಿಗೆ ಬಂತು. ಕೊಳವೆ ಅದೇ, ನೀರು ಬೇರೆಯಾದದ್ದರಿಂದ ಬಂದ ವಿಪತ್ತು ಅದು. ನಮ್ಮಲ್ಲಿ ಸೀಸದ ಕೊಳವೆಯ ರೂಢಿ ಇಲ್ಲ, ಆದರೆ ಪಿ.ವಿ.ಸಿ. ತಯಾರಿಕೆಯಲ್ಲಿ ಶಾಖಕ್ಕೆ ಕೆಡದಿರಲೆಂದು ಸೀಸದ ಲವಣ ಸೇರಿಸುವ ಪದ್ಧತಿ ಇತ್ತು. ಇದನ್ನು ನಿರ್ಬಂಧಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಕುಡಿಯುವ ನೀರಿಗೆ ಸೀಸರಹಿತ ಎಂದು ಬರೆದ ಕೊಳವೆಯನ್ನೇ ಕೇಳಿ ಪಡೆಯಿರಿ. ಹಳೆಯ ಪಿ.ವಿ.ಸಿ. ಕೊಳವೆಯಿರುವ ಮನೆಯಲ್ಲಿ ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರನ್ನು ಬೆಳಗ್ಗೆ ಒಂದೆರಡು ಬಿಂದಿಗೆ ಬೇರೆ ಕೆಲಸಕ್ಕೆ ಹಿಡಿದು, ಆಮೇಲೆ ಕುಡಿಯಲು ಹಿಡಿಯುವುದು ಲೇಸು.

ಬಿಸಿನೀರಿಗೆ

ಬಿ.ಟಿ.ಎಂ. ಲೇಔಟ್‌ನ ಮನೆಯ ಹಳೆಯ ಕಬ್ಬಿಣ ತೆಗೆದು ಈಗ ಹಾಕುವುದು ಕೆನೆ ಬಣ್ಣದ ಸಿ.ಪಿ.ವಿ.ಸಿ. ಇದು ಪಿ.ವಿ.ಸಿ.ಗೆ ಇನ್ನಷ್ಟು ಕ್ಲೋರಿನ್ ಕೂಡಿಸಿ ಮಾಡಿದ್ದು. ಸಾಮಾನ್ಯ ಪಿ.ವಿ.ಸಿ.ಯಲ್ಲಿ ಕ್ಲೋರಿನ್ ನೂರಕ್ಕೆ ಸುಮಾರು 57 ಭಾಗವಿದ್ದರೆ ಇದರಲ್ಲಿ 63ಕ್ಕೂ ಮೇಲೆ. ಅಷ್ಟರಿಂದಲೇ 82 ಡಿಗ್ರಿ ಬಿಸಿಯ ನೀರನ್ನು ಒತ್ತಡದಲ್ಲಿ ತಾಳುವ ಶಕ್ತಿ ಬಂದಿದೆ. ಇದರ ಮಾನಕ ಸಂಖ್ಯೆ ಐ.ಎಸ್. 15778.

ಹಳ್ಳಿಯ ಮನೆಗೂ ಸೌರ ಯಂತ್ರ ಬಂದಿರುವ ಈ ದಿನಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪೆಂದರೆ, ತೋಟಕ್ಕೆ ತಂದು ಉಳಿದ ಬೂದು ಪಿ.ವಿ.ಸಿ.ಯನ್ನೇ ಸೌರ ಯಂತ್ರದಿಂದ ಬಚ್ಚಲಿಗೆ ಎಳೆಯುವುದು. ಮೊದಲ ಬೇಸಿಗೆಯಲ್ಲಿ ಅದು ಜೋತು ಬೀಳುತ್ತದೆ. ಎರಡನೆಯ ಬೇಸಿಗೆಯಲ್ಲಿ ಕೀಲು ಬಿಡುತ್ತದೆ, ಕೆಳಗೆ ಸ್ನಾನ ಮಾಡುತ್ತಿರುವವರ ಮೇಲೆ ಕುದಿನೀರು ಬಿದ್ದರೂ ಆಶ್ಚರ್ಯವಿಲ್ಲ. ಬಿಳಿ ಬಣ್ಣದ ಯು.ಪಿ.ವಿ.ಸಿ. ಕೊಳವೆಯೂ ನೋಡಲು ಸಿ.ಪಿ.ವಿ.ಸಿ.ಯಂತೆಯೇ ಇರುತ್ತದೆ, ಅದು ತಣ್ಣೀರಿಗೆ ಮಾತ್ರ. ಸಿ.ಪಿ.ವಿ.ಸಿ.ಯ ಅಗಲ ತಾಮ್ರದ ಕೊಳವೆಯ ಅಳತೆಯಲ್ಲಿ ಇರುವುದರಿಂದ ಪಿ.ವಿ.ಸಿ.ಯ ಕೀಲು ಅದಕ್ಕೆ ಕೂಡುವುದಿಲ್ಲ, ಅಂಟೂ ಬೇರೆ. ಬೇರೆ ಅಂಟು ಹಚ್ಚಿದರೆ ಆ ದಿನ ಹಿಡಿದಂತೆ ಕಾಣುತ್ತದೆ, ಬಿಸಿನೀರು ಹರಿದ ಮೇಲೆ ಬಿಡುತ್ತದೆ. ಸೌರ ತೊಟ್ಟಿಯಿಂದ ಹೊರಡುವ ಮೊದಲ ಒಂದೆರಡು ಅಡಿಯಲ್ಲಿ ನೀರು ಕುದಿಯುವಷ್ಟು ಬಿಸಿಯಾಗುವ ಸಂಭವವಿರುವುದರಿಂದ ಅಲ್ಲಿ ಲೋಹದ ತುಂಡು ಹಾಕುವುದು ಒಳ್ಳೆಯ ಪದ್ಧತಿ. ತೊಟ್ಟಿ ತಾಮ್ರದ್ದಾದರೆ ಮಾತ್ರ ಅದು ಜಿ.ಐ. ಆಗಿರಬಾರದು, ಕಾರಣವನ್ನು ಮೇಲೆಯೇ ಹೇಳಿದೆ.

ಹಸಿರು ಬಣ್ಣದ ಪಿ.ಪಿ.ಆರ್. ಎಂಬ ಕೊಳವೆಯೂ ಬಿಸಿನೀರಿಗೆ ಆಗುತ್ತದೆ. ಅದನ್ನು ಅಂಟಿನಿಂದಲ್ಲ, ಕಾಯಿಸಿ ಬೆಸೆದು ಕೂಡಿಸಬೇಕು. ಯಂತ್ರವೂ ಅದನ್ನು ಬಲ್ಲ ಕೆಲಸಗಾರನೂ ನಿಮ್ಮ ಊರಿನ ಸಮೀಪ ಇಲ್ಲದಿದ್ದರೆ ರಿಪೇರಿಗೆ ಕಷ್ಟ. ತಾಮ್ರದ ಕೊಳವೆ ದೀರ್ಘಕಾಲ ಬಾಳುವಂಥದು, ಬೆಲೆಯ ದೃಷ್ಟಿಯಿಂದ ನಮಗೆ ದೂರ.

ಕಪ್ಪು ಕೊಳವೆ

ಬಿಸಿಲಿನಲ್ಲಿ ಮಲಗಬೇಕಾದ ಕೊಳವೆಗೆ ಪಾಲಿಎಥಿಲೀನ್ ಸರಿ. ಅದರ ಕಪ್ಪು ಬಣ್ಣ ಅಂದಕ್ಕೆ ಹಾಕಿದ್ದಲ್ಲ. ನೂರಕ್ಕೆ ಎರಡೂವರೆ ಭಾಗದಷ್ಟು ಬೆರೆಸಿದ ನುಣುಪಾದ ಇಂಗಾಲದ ಕಪ್ಪು ಪುಡಿ ನೇರಳಾತೀತ ಕಿರಣಗಳನ್ನು ಹೀರಿ ಕೊಳವೆಯನ್ನು ಕಾಯುತ್ತದೆ. ತುಂತುರು ನೀರಾವರಿಯ ಎತ್ತಿ ಹಾಕುವ ಕೊಳವೆ, ಹನಿ ನೀರಾವರಿಯ ಪಾರ್ಶ್ವ ಕೊಳವೆಗಳು ಈ ಜಾತಿಯವೇ. ಬಿಸಿಲಿಗೆ ಇದು ಬಹಳ ಹಿಗ್ಗುತ್ತದೆ. 20 ಡಿಗ್ರಿ ವ್ಯತ್ಯಾಸಕ್ಕೆ 30 ಮೀಟರು ಉದ್ದದಲ್ಲಿ ಕಬ್ಬಿಣ ಒಂದು ಸೆಂಟಿಮೀಟರಿಗಿಂತ ಕಡಿಮೆ, ಪಿ.ವಿ.ಸಿ. ಸುಮಾರು 4, ಪಾಲಿಎಥಿಲೀನ್ ಸುಮಾರು 10 ಸೆಂಟಿಮೀಟರು ಹಿಗ್ಗುತ್ತವೆ. ಮಧ್ಯಾಹ್ನ ಬಿಗಿಯಾಗಿ ಎಳೆದು ಕಟ್ಟಿದ ಹನಿ ಕೊಳವೆ ರಾತ್ರಿಯ ತಂಪಿಗೆ ಕುಗ್ಗಿ ಕೊನೆಯ ಕೀಲಿನಿಂದ ಕಳಚಿಕೊಳ್ಳುವುದು ಇದರಿಂದಲೇ. ಸಾಲಿನಲ್ಲಿ ಅಲ್ಪ ಹಾವಿನ ನಡೆಯಂತೆ ಸಡಿಲವಾಗಿ ಹಾಸಿ. ಇಲಿ, ಅಳಿಲುಗಳ ಕಾಟ ಮಾತ್ರ ಈ ಕೊಳವೆಗೆ ತಪ್ಪಿದ್ದಲ್ಲ.

ಕೊಳಕು ನೀರಿಗೆ ಹಾಕುವ ಕೊಳವೆಯಲ್ಲಿ ಒತ್ತಡವಿಲ್ಲ, ಆದ್ದರಿಂದ ಅದಕ್ಕೆ ಐ.ಎಸ್. 13592ರ ತೆಳು ಕೊಳವೆ ಬೇರೆಯಿದೆ. ಅದರಲ್ಲಿ 'ಎ' ಮಾದರಿ ಮಳೆ ನೀರಿಗೆ ಮತ್ತು ಗಾಳಿ ಕೊಳವೆಗೆ, 'ಬಿ' ಮಾದರಿ ಶೌಚಾಲಯಕ್ಕೆ. ಅದಲು ಬದಲು ಮಾಡಬಾರದು. ತಾರಸಿಯ ಮಳೆ ನೀರನ್ನು ಇಂತಹ ಕೊಳವೆಯಿಂದ ಇಳಿಸಿ ಸೋಸಿ ತೊಟ್ಟಿಗೆ ಬಿಡುವ ಹಲವು ವಿಧಾನಗಳನ್ನು ನೋಡಬಯಸುವವರು ಬೆಂಗಳೂರಿಗೆ ಬಂದಾಗ ಬಿ.ಟಿ.ಎಂ. ಲೇಔಟ್‌ಗೆ ಸಮೀಪದ ಜಯನಗರ 5ನೆಯ ಬ್ಲಾಕಿನಲ್ಲಿರುವ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಸಂಗ್ರಹಣಾ ಕೇಂದ್ರವನ್ನು ವಿಚಾರಿಸಿಕೊಂಡು ಹೋಗಬಹುದು. ಹಳೆಯ ಕಲ್ನಾರು ಸಿಮೆಂಟಿನ ಕೊಳವೆ ನಿಮ್ಮ ತೋಟದಲ್ಲಿ ಎಲ್ಲಾದರೂ ಉಳಿದಿದ್ದರೆ ಅದನ್ನು ಗರಗಸದಿಂದ ಒಣ ಕೊಯ್ಯಬೇಡಿ. ಅದರ ಧೂಳು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೇಡು.

ಹೂಳುವ ಮೊದಲು

ಕೊಳವೆ ಒಳ್ಳೆಯದಿದ್ದರೂ ಕೂಡಿಸುವ ಕೆಲಸ ಕೆಟ್ಟರೆ ಎಲ್ಲವೂ ಕೆಟ್ಟಂತೆ. ತುದಿಯನ್ನು ನೇರವಾಗಿ ಕೊಯ್ದು, ಸಿಬಿರು ಕೆರೆದು, ಒಣ ಬಟ್ಟೆಯಿಂದ ಒರೆಸಿ, ಎರಡೂ ಮುಖಕ್ಕೆ ತೆಳುವಾಗಿ ಅಂಟು ಸವರಿ, ಕಾಲು ಸುತ್ತು ತಿರುಗಿಸುತ್ತ ತಳದವರೆಗೆ ತೂರಿಸಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಮಳೆ ಹನಿಯುವಾಗ ಈ ಕೆಲಸ ಬೇಡ. ಮಾರನೆಯ ದಿನದವರೆಗೆ ನೀರು ಬಿಡಬೇಡಿ. ಕಂದಕ ಹೊಲದಲ್ಲಿ ಕನಿಷ್ಠ ಎರಡು ಅಡಿ, ಗಾಡಿ ಟ್ರ್ಯಾಕ್ಟರು ದಾಟುವ ಕಡೆ ಮೂರು ಅಡಿ ಆಳವಿರಲಿ. ತಳದ ಕಲ್ಲುಗಳನ್ನು ತೆಗೆದು ಜರಡಿ ಹಿಡಿದ ಮಣ್ಣು ಅಥವಾ ಮರಳು ಹಾಸಿ. ಕೊಳವೆಯ ನಡುಭಾಗಕ್ಕೆ ಮಾತ್ರ ಮಣ್ಣು ಮುಚ್ಚಿ, ಕೀಲುಗಳನ್ನು ತೆರೆದೇ ಬಿಟ್ಟು, ಒಂದು ದಿನ ಪೂರ್ತಿ ಪಂಪು ನಡೆಸಿ ಪ್ರತಿಯೊಂದು ಕೀಲನ್ನೂ ಕೈಯಿಂದ ಮುಟ್ಟಿ ನೋಡಿ. ಪೂರ್ತಿ ಮುಚ್ಚುವ ಮೊದಲು ಒಂದು ಹಾಳೆಯ ಮೇಲೆ ಕೊಳವೆಯ ದಾರಿಯನ್ನು ಬರೆದು, ಬಾವಿಯ ಕಟ್ಟೆಯಿಂದ, ಗಡಿಕಲ್ಲಿನಿಂದ ಪ್ರತಿ ತಿರುವು ಎಷ್ಟು ಮೀಟರು ಎಂದು ಅಳೆದು ಗುರುತು ಮಾಡಿ, ಆ ಹಾಳೆಯನ್ನು ಪಹಣಿಯ ಜೊತೆಯಲ್ಲಿ ಇಡಿ.